ಕಾರಿಗೆ ಮೆಥನಾಲ್ ಕಿಟ್: ಪವರ್ ಕೇಳುವ ಮೊದಲು ಸೆನ್ಸರ್ ಕೇಳಿ

ಟರ್ಬೊ ಕಾರನ್ನು ಟ್ಯೂನ್ ಮಾಡಿಸಿದವರ ಮುಂದಿನ ಆಸೆ ಮೆಥನಾಲ್ ಕಿಟ್. ನೀರು ಮತ್ತು ಮೆಥನಾಲ್ ಬೆರೆಸಿ, ಎಂಜಿನ್ ಒಳಗೆ ಹೋಗುವ ಗಾಳಿಗೆ ಮಂಜಿನ ಹಾಗೆ ಸಿಂಪಡಿಸುವ ವ್ಯವಸ್ಥೆ ಇದು. ಬಿಸಿ ಗಾಳಿ ತಣ್ಣಗಾಗುತ್ತೆ, ನಾಕಿಂಗ್ ಕಡಿಮೆಯಾಗುತ್ತೆ, ಹಾಗಾಗಿ ಬೂಸ್ಟ್ ಏರಿಸಬಹುದು. ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನಗಳಲ್ಲೂ ಇದೇ ತಂತ್ರವಿತ್ತು.

ತೊಂದರೆ ಇರೋದೂ ಅಲ್ಲೇ. ಮೆಥನಾಲ್ ನಂಬಿ ಬೂಸ್ಟ್ ಏರಿಸಿದ ಕಾರಲ್ಲಿ ಟ್ಯಾಂಕ್ ಖಾಲಿಯಾದರೆ ಅಥವಾ ನಾಝಲ್ ಕಟ್ಟಿಕೊಂಡರೆ ಪಿಸ್ಟನ್ ಹಾಳಾಗಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಟ್ಯಾಂಕಿನ ಲೆವೆಲ್ ಸೆನ್ಸರ್ ಒಂದೇ ಸಾಲದು. ಪೈಪಿನಲ್ಲಿ ಫ್ಲೋ ಸೆನ್ಸರ್ ಇರಬೇಕು, ಹರಿವು ತಪ್ಪಿದ ತಕ್ಷಣ ಬೂಸ್ಟ್ ತಾನಾಗಿ ಇಳಿಯಬೇಕು. ಬರೀ ಕೆಂಪು ಲೈಟ್ ಕೊಡುವ ಕಿಟ್ ಬೇಡ, ಆ ಸ್ಪೀಡಲ್ಲಿ ಲೈಟ್ ಯಾರು ನೋಡ್ತಾರೆ?

ನಾಝಲ್ ಹತ್ತಿರ ಸೊಲೆನಾಯ್ಡ್ ವಾಲ್ವ್ ಇದೆಯಾ ಕೇಳಿ. ಇಲ್ಲದಿದ್ದರೆ ಕಾರು ನಿಂತಲ್ಲೇ ಓಡುವಾಗಲೂ ಎಂಜಿನ್ ದ್ರವವನ್ನು ಎಳೆದುಕೊಳ್ಳಬಹುದು. ಪಂಪಿನ ಸೀಲ್ ಮೆಥನಾಲ್ ತಡೆಯುವಂಥದ್ದೇ ಆಗಿರಲಿ.

ಮಿಶ್ರಣಕ್ಕೆ ಅರ್ಧ ನೀರು, ಅರ್ಧ ಮೆಥನಾಲ್ ಸಾಕು. ಶುದ್ಧ ಮೆಥನಾಲ್ ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆಯೇ ಕಾಣಲ್ಲ. ಕುಡಿದರೆ ಕಣ್ಣು ಹೋಗುತ್ತೆ, ಜೀವವೂ ಹೋಗುತ್ತೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯಲ್ಲಿ ಇದ್ದದ್ದು ಇದೇ. ಅಂಗಡಿಯಲ್ಲಾಗಲಿ ಗ್ಯಾರೇಜಲ್ಲಾಗಲಿ ಇದನ್ನು ನೀರಿನ ಬಾಟಲಿಗೆ ತುಂಬಿಸಿ ಇಡಲೇಬೇಡಿ.