ಮಂಡಿ ಜಾರುವುದು ಸ್ಕ್ಯಾನಿನಲ್ಲಿ ಕಾಣದು

2023ರ ಫೆಬ್ರವರಿ 9ರಂದು ನಾಗಪುರದ ಜಾಮ್ಠಾ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ಶುರುವಾದಾಗ ಆಟದಷ್ಟೇ ಮಾತು ಇಬ್ಬರ ಮಂಡಿಗಳ ಬಗ್ಗೆಯೂ ನಡೆದಿತ್ತು. ಹಿಂದಿನ ಸೆಪ್ಟೆಂಬರಿನಲ್ಲಿ ಬಲಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ರವೀಂದ್ರ ಜಡೇಜ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಬೆವರು ಹರಿಸಿ ತಂಡಕ್ಕೆ ಮರಳಿದ್ದರು. ಮೊದಲ ದಿನವೇ 47 ರನ್ನಿಗೆ 5 ವಿಕೆಟ್ ಕಿತ್ತರು. ವಿಕೆಟ್‌ಕೀಪರ್ ರಿಷಭ್ ಪಂತ್ ಮಾತ್ರ ಅಲ್ಲಿರಲಿಲ್ಲ. 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಅವರ ಬಲಮಂಡಿಯ ಲಿಗಮೆಂಟುಗಳು ಹರಿದಿದ್ದವು. ಅವರ ಬದಲಿಗೆ ವಿಕೆಟ್ ಹಿಂದೆ ನಿಂತು ಕೆ.ಎಸ್. ಭರತ್ ತಮ್ಮ ಚೊಚ್ಚಲ ಟೆಸ್ಟ್ ಆಡುತ್ತಿದ್ದರು. ಪಂತ್ ಮತ್ತೆ ಪಂದ್ಯಕ್ಕಿಳಿದದ್ದು 2024ರ ಮಾರ್ಚಿನಲ್ಲಿ. ಇಂಥ ಸುದ್ದಿಗಳನ್ನು ಓದಿದವರ ಮನಸ್ಸಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಒಂದೇ ಸೂತ್ರ: ಲಿಗಮೆಂಟ್ ಹರಿಯಿತು, ಆಪರೇಷನ್ ಆಯಿತು, ಆಟಗಾರ ಮರಳಿದ. ಈ ಸೂತ್ರ ಅರ್ಧ ಸತ್ಯ. ಮಂಡಿಯ ಒಳಗೆ ಏನು ಹರಿದಿದೆ ಎಂಬುದು ಒಂದು ಪ್ರಶ್ನೆ, ಆ ಮಂಡಿ ನಡೆಯುವಾಗ, ತಿರುಗುವಾಗ ಜಾರುತ್ತದೆಯೇ ಎಂಬುದು ಇನ್ನೊಂದು. ಚಿಕಿತ್ಸೆಯನ್ನು ನಿರ್ಧರಿಸಬೇಕಾದದ್ದು ಎರಡನೆಯದು. ಆದರೆ ಸ್ಕ್ಯಾನಿನ ಹಾಳೆ ಕೈಗೆ ಬಂದಾಗ ನಾವೆಲ್ಲ ಮೊದಲನೆಯದರ ಉತ್ತರ ನೋಡಿಯೇ ಗಾಬರಿಯಾಗುತ್ತೇವೆ.

ಮಂಡಿಯ ನಡುವೆ ಅಡ್ಡಡ್ಡ ಹಾದುಹೋಗುವ ಎರಡು ಲಿಗಮೆಂಟುಗಳಲ್ಲಿ ಮುಂದಿನದನ್ನು ಎಸಿಎಲ್ ಎನ್ನುತ್ತಾರೆ. ಉದ್ದ ಸುಮಾರು ಮೂರು ಸೆಂಟಿಮೀಟರ್. ಕಣಕಾಲಿನ ಎಲುಬು ತೊಡೆ ಎಲುಬಿನ ಕೆಳಗಿನಿಂದ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಚಿಕೊಳ್ಳದಂತೆ ತಡೆಯುವುದು ಇದರ ಕೆಲಸ. ಪ್ರಯೋಗಾಲಯದಲ್ಲಿ ಎಳೆದು ನೋಡಿದಾಗ ಯುವಕರ ಎಸಿಎಲ್ ಸುಮಾರು 2,160 ನ್ಯೂಟನ್ ಬಲವನ್ನು, ಅಂದರೆ ಎರಡು ಕ್ವಿಂಟಲಿಗೂ ಮಿಕ್ಕ ಭಾರದಷ್ಟು ಸೆಳೆತವನ್ನು ತಡೆದುಕೊಂಡಿತು. ಆದರೂ ಕಬಡ್ಡಿಯ ರೈಡರ್ ಪಾದ ಊರಿ ಮೈ ತಿರುಗಿಸಿದ ಆ ಒಂದು ಕ್ಷಣದಲ್ಲಿ, ಯಾರೂ ಮುಟ್ಟದಿದ್ದರೂ, ಅದು ಪಟ್ಟೆಂದು ಹರಿಯಬಹುದು.   ಮಂಡಿಯನ್ನು ಹಿಡಿದಿಡುವುದು ಎಸಿಎಲ್ ಒಂದೇ ಅಲ್ಲ. ತೊಡೆಯ ಹಿಂಭಾಗದ ಸ್ನಾಯುಗಳು ಕಣಕಾಲಿನ ಎಲುಬನ್ನು ಹಿಂದಕ್ಕೆಳೆದು ಅದೇ ಕೆಲಸಕ್ಕೆ ಹೆಗಲು ಕೊಡುತ್ತವೆ. ಕೀಲು ಎಷ್ಟು ಬಾಗಿದೆ, ಎತ್ತ ವಾಲುತ್ತಿದೆ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ನರತುದಿಗಳು ಲಿಗಮೆಂಟಿನಲ್ಲೂ ಸ್ನಾಯುವಿನಲ್ಲೂ ಇವೆ. ಗೂಡಾರದ ಒಂದು ಹಗ್ಗ ಕಡಿದರೂ ಉಳಿದವು ಬಿಗಿಯಾಗಿದ್ದರೆ ಅದು ನಿಲ್ಲಬಹುದು, ಸಡಿಲವಾಗಿದ್ದರೆ ಮೊದಲ ಗಾಳಿಗೇ ವಾಲುತ್ತದೆ. ಅದಕ್ಕೇ ಎಸಿಎಲ್ ಪೂರ್ತಿ ಹರಿದ ಇಬ್ಬರಲ್ಲಿ ಒಬ್ಬ ಮೆಟ್ಟಿಲಿಳಿಯುವಾಗಲೂ ಕುಸಿಯುತ್ತಾನೆ, ಇನ್ನೊಬ್ಬ ಓಡಾಡಿಕೊಂಡಿರುತ್ತಾನೆ.

ಈ ವ್ಯತ್ಯಾಸವನ್ನು ಪತ್ತೆಹಚ್ಚುವ ಮೊದಲ ಸಾಧನ ರೋಗಿಯ ಮಾತು. ಬಿದ್ದಾಗ ಶಬ್ದ ಕೇಳಿತೇ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿತೇ, ಆಮೇಲೆ ಎಷ್ಟು ಸಲ ಕಾಲು ಕೈಕೊಟ್ಟಿತು, ಏನು ಮಾಡುವಾಗ? ಎರಡನೆಯದು ವೈದ್ಯರ ಕೈ. ಮಂಡಿಯನ್ನು 20ರಿಂದ 30 ಡಿಗ್ರಿಯಷ್ಟು ಬಾಗಿಸಿ, ತೊಡೆಯನ್ನು ಒಂದು ಕೈಯಲ್ಲಿ ಹಿಡಿದು, ಕಣಕಾಲನ್ನು ಇನ್ನೊಂದರಲ್ಲಿ ಮುಂದಕ್ಕೆ ಎಳೆದು ನೋಡುವುದು ಲಾಕ್‌ಮನ್ ಪರೀಕ್ಷೆ. ಫಿಲಡೆಲ್ಫಿಯಾದ ಜಾನ್ ಲಾಕ್‌ಮನ್ ಕಲಿಸುತ್ತಿದ್ದ ಈ ವಿಧಾನವನ್ನು ಅವರ ಶಿಷ್ಯ ಜೋಸೆಫ್ ಟಾರ್ಗ್ 1976ರಲ್ಲಿ ಪ್ರಕಟಿಸಿದರು. ಪಿವಟ್ ಶಿಫ್ಟ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಕಾಲನ್ನು ಒಳಕ್ಕೆ ತಿರುಚುತ್ತ ಬಾಗಿಸಿದಾಗ ಎಲುಬು ಜಾರಿ ಮತ್ತೆ ಜಾಗಕ್ಕೆ ಕೂರುವುದು ಕೈಗೆ ತಿಳಿಯುತ್ತದೆ. ರೋಗಿಗೂ ತಿಳಿಯುತ್ತದೆ, 'ಇದೇ, ಹೀಗೇ ಆಗೋದು' ಎನ್ನುವಂತೆ. ಇಲ್ಲಿ ಒಂದು ಎಚ್ಚರ ಬೇಕು. ಕೀಲಿನ ಸಡಿಲತೆ ಬೇರೆ, ಅಸ್ಥಿರತೆ ಬೇರೆ. ಕಿರುಬೆರಳನ್ನು ಹಿಂದಕ್ಕೆ ಬಾಗಿಸುವ, ಹೆಬ್ಬೆರಳನ್ನು ಮುಂಗೈಗೆ ತಾಗಿಸುವ ಕೆಲವು ಚಲನೆಗಳಿಗೆ ಒಟ್ಟು 9 ಅಂಕ ಕೊಡುವ ಬೈಟನ್ ಮಾಪನದಲ್ಲಿ ಮಕ್ಕಳೂ ಹೆಣ್ಣುಮಕ್ಕಳೂ ಹೆಚ್ಚು ಅಂಕ ಪಡೆಯುವುದು ಸಾಮಾನ್ಯ. ಅವರಲ್ಲಿ ಬಹುಪಾಲು ಮಂದಿಗೆ ಯಾವ ತೊಂದರೆಯೂ ಇರುವುದಿಲ್ಲ. ಆದ್ದರಿಂದ ಗಾಯದ ಮಂಡಿಯನ್ನು ಹೋಲಿಸಬೇಕಾದದ್ದು ಅದೇ ವ್ಯಕ್ತಿಯ ಇನ್ನೊಂದು ಮಂಡಿಯ ಜೊತೆ.

ಕೈಯ ಪರೀಕ್ಷೆ ವೈದ್ಯನಿಂದ ವೈದ್ಯನಿಗೆ ಬದಲಾಗುತ್ತದೆ, ಎಂಆರ್‌ಐ ಹಾಗಲ್ಲವಲ್ಲ ಎಂಬ ಆಕ್ಷೇಪ ಸಹಜ. ಪೆಟ್ಟು ಬಿದ್ದ ಮೊದಲ ದಿನಗಳಲ್ಲಿ ನೋವಿಗೆ ಸ್ನಾಯುಗಳು ಬಿಗಿದುಕೊಂಡು ಲಾಕ್‌ಮನ್ ಪರೀಕ್ಷೆ ದಾರಿ ತಪ್ಪಿಸಬಹುದು ಎನ್ನುವುದೂ ನಿಜ. ಅದಕ್ಕೆ ಮದ್ದು ಊತ ಇಳಿದ ಮೇಲೆ ಮತ್ತೊಮ್ಮೆ ನೋಡುವುದು. ಎಸಿಎಲ್ ಹರಿದಿದೆಯೇ ಎಂದು ಹೇಳುವುದರಲ್ಲಿ ಎಂಆರ್‌ಐ ನಿಪುಣ, ಮಂಡಿಯ ಒಳಗಿನ ಮೆತ್ತೆಯಾದ ಮಿನಿಸ್ಕಸ್ ಏನಾಗಿದೆ ಎಂದು ತಿಳಿಯಲು ಅದು ಬೇಕೇ ಬೇಕು. ಆದರೆ ಅದು ಮಲಗಿರುವ, ಅಲುಗದ, ಭಾರ ಹೊರದ ಮಂಡಿಯ ಚಿತ್ರ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 50ರಿಂದ 90 ವಯಸ್ಸಿನ 991 ಜನರ ಮಂಡಿಗಳ ಎಂಆರ್‌ಐ ತೆಗೆದು 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿನಿಸ್ಕಸ್ ಹರಿದಿದ್ದವರಲ್ಲಿ 61 ಪ್ರತಿಶತ ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿನೋವೇ ಇರಲಿಲ್ಲ. ನಾಗಪುರದ ಧಂತೋಲಿ, ರಾಮದಾಸಪೇಟೆಗಳಲ್ಲಿ ಆಸ್ಪತ್ರೆಗಳು ಒತ್ತೊತ್ತಾಗಿವೆ. ವಿದರ್ಭದ ಹಳ್ಳಿಗಳಿಂದ, ಛಿಂದವಾಡಾ ಬಾಲಾಘಾಟ್‌ಗಳಿಂದಲೂ ಜನ ಅಲ್ಲಿಗೆ ಬರುತ್ತಾರೆ. ಅಷ್ಟು ದೂರದಿಂದ ಬಂದವರಿಗೆ 'ಹರಿದಿದೆ' ಎಂಬ ಒಂದು ಪದವೇ ತೀರ್ಪಿನಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಹರಿದದ್ದನ್ನೆಲ್ಲ ತಕ್ಷಣ ಕಟ್ಟಬೇಕೇ? ಸ್ವೀಡನ್ನಿನಲ್ಲಿ ಹೊಸದಾಗಿ ಎಸಿಎಲ್ ಹರಿದುಕೊಂಡ 121 ಮಂದಿ ಚುರುಕಿನ ಯುವಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮುಂದೆ ಶಸ್ತ್ರಚಿಕಿತ್ಸೆ. 2010ರಲ್ಲಿ ಬಂದ ಎರಡು ವರ್ಷಗಳ ಲೆಕ್ಕದಲ್ಲೂ 2013ರಲ್ಲಿ ಬಂದ ಐದು ವರ್ಷಗಳ ಲೆಕ್ಕದಲ್ಲೂ ನೋವು, ಓಡಾಟ, ಆಟ ಇವುಗಳಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎರಡನೆಯ ಗುಂಪಿನ ಸುಮಾರು ಅರ್ಧದಷ್ಟು ಜನ ಐದು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಗೆ ಹೋದರು, ಉಳಿದರ್ಧಕ್ಕೆ ಅದು ಬೇಕಾಗಲೇ ಇಲ್ಲ. ಮುಂದೆ ಅದೇ ಅಧ್ಯಯನದ ಚಿತ್ರಗಳನ್ನು ಮತ್ತೆ ತೆರೆದು ನೋಡಿದವರಿಗೆ ಇನ್ನೊಂದು ಅಚ್ಚರಿ ಕಾದಿತ್ತು: ಬರೀ ವ್ಯಾಯಾಮದಲ್ಲೇ ಉಳಿದವರಲ್ಲಿ ಅರ್ಧಕ್ಕೂ ತುಸು ಹೆಚ್ಚು ಮಂದಿಯಲ್ಲಿ ಎರಡು ವರ್ಷದ ಹೊತ್ತಿಗೆ ಎಸಿಎಲ್ ಮತ್ತೆ ಕೂಡಿಕೊಂಡಿರುವ ಗುರುತು ಎಂಆರ್‌ಐಯಲ್ಲಿ ಕಂಡಿತು. ಎಸಿಎಲ್ ತಾನಾಗಿ ಕೂಡುವುದೇ ಇಲ್ಲ ಎಂದು ಪಾಠ ಹೇಳುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ.

ಶಸ್ತ್ರಚಿಕಿತ್ಸಕರ ಮರುವಾದ ಗಟ್ಟಿಯಾದದ್ದು. ಮಂಡಿ ಜಾರಿದಾಗಲೆಲ್ಲ ಮಿನಿಸ್ಕಸ್ ಎಲುಬುಗಳ ನಡುವೆ ಅರೆಯಲ್ಪಡುತ್ತದೆ, ಇಂದು ಉಳಿಸಿದ ಆಪರೇಷನ್ ಹತ್ತು ವರ್ಷದ ಮೇಲೆ ಸಂಧಿವಾತವಾಗಿ ಬಡ್ಡಿ ಕೇಳುತ್ತದೆ ಎನ್ನುತ್ತಾರೆ. ನೆದರ್ಲೆಂಡ್ಸ್‌ನ 167 ಜನರ ಅಧ್ಯಯನದಲ್ಲಿ ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಸ್ಥಿತಿ ಎರಡು ವರ್ಷದಲ್ಲಿ ತುಸು ಮೇಲಿತ್ತು ಕೂಡ. ಬ್ರಿಟನ್ನಿನ ಅಧ್ಯಯನವೊಂದು ಇನ್ನೂ ನೇರವಾಗಿ ಮಾತಾಡುತ್ತದೆ. 2022ರಲ್ಲಿ ಪ್ರಕಟವಾದ ಅದರಲ್ಲಿದ್ದ 316 ಮಂದಿಗೆ ಎಸಿಎಲ್ ಹರಿದು ಬಹಳ ಕಾಲವಾಗಿತ್ತು, ಮಂಡಿ ಜಾರುವುದು ನಿಂತಿರಲಿಲ್ಲ. ಅವರಲ್ಲಿ ಶಸ್ತ್ರಚಿಕಿತ್ಸೆ ಪಡೆದವರೇ ಸ್ಪಷ್ಟವಾಗಿ ಮುಂದಿದ್ದರು. ಇದು ಸ್ವೀಡನ್ನಿನ ಫಲಿತಾಂಶಕ್ಕೆ ವಿರುದ್ಧವೆಂದು ನನಗೆ ಅನ್ನಿಸುವುದಿಲ್ಲ. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಸಿಗುವುದು ಒಂದೇ ತರ್ಕ: ಹೊಸ ಗಾಯವಾದರೆ ಸ್ನಾಯುಗಳಿಗೆ ಒಂದು ನ್ಯಾಯವಾದ ಅವಕಾಶ ಕೊಡಬೇಕು, ಅಷ್ಟಾದರೂ ಮಂಡಿ ಜಾರುತ್ತಲೇ ಇದ್ದರೆ ಕಾಯುವುದು ತಪ್ಪು. ಮಿನಿಸ್ಕಸ್ ಸಿಕ್ಕಿಕೊಂಡು ಕಾಲು ಚಾಚಲಾಗದವರಿಗೆ, ಅಪಘಾತದಲ್ಲಿ ಹಲವು ಲಿಗಮೆಂಟುಗಳು ಒಟ್ಟಿಗೆ ಹರಿದವರಿಗೆ ಈ ಕಾಯುವಿಕೆ ಅನ್ವಯಿಸುವುದಿಲ್ಲ. ಭುಜದ ಲೆಕ್ಕ ಬೇರೆಯೇ. ಹದಿಹರೆಯದಲ್ಲಿ ಒಮ್ಮೆ ಕಳಚಿದ ಭುಜ ಮತ್ತೆ ಮತ್ತೆ ಕಳಚುವ ಸಂಭವ ಬಹಳ ಹೆಚ್ಚು. ಅಲ್ಲಿ ಬೇಗನೆ ಶಸ್ತ್ರಚಿಕಿತ್ಸೆಯ ಕಡೆ ವಾಲುವುದಕ್ಕೆ ಒಳ್ಳೆಯ ಕಾರಣಗಳಿವೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವ ಆಕ್ಷೇಪ ವಿಜ್ಞಾನದ್ದಲ್ಲ, ಬದುಕಿನದು. ಸ್ವೀಡನ್ನಿನಲ್ಲಿ ಮನೆಯ ಹತ್ತಿರವೇ ಫಿಸಿಯೋಥೆರಪಿ ಸಿಗುತ್ತದೆ. ಗಡಚಿರೋಲಿಯ ಕೂಲಿಕಾರ, ಭಂಡಾರಾದ ಕೆಸರುಗದ್ದೆಯಲ್ಲಿ ಬಾಗಿ ಭತ್ತ ನಾಟಿ ಮಾಡುವ ಹೆಂಗಸು ವಾರಕ್ಕೆ ಮೂರು ಸಲ ನಾಗಪುರದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಬಂದು ಹೋಗಲಾರರು. ಅಂಥವರಿಗೆ ಒಮ್ಮೆ ಆಪರೇಷನ್ ಮಾಡಿ ಕಳಿಸುವುದೇ ವ್ಯಾವಹಾರಿಕವಲ್ಲವೇ? ಕೇಳಲು ಸರಿಯೆನಿಸುತ್ತದೆ, ಆದರೆ ಲೆಕ್ಕ ತಲೆಕೆಳಗು. ಎಸಿಎಲ್ ಬದಲಿಗೆ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ತೆಗೆದು ಕೂರಿಸುವ ಸ್ನಾಯುರಜ್ಜು ಮೊದಲ ಕೆಲವು ತಿಂಗಳಲ್ಲಿ ಗಟ್ಟಿಯಾಗುವ ಬದಲು ಸೊರಗುತ್ತದೆ; ಅದಕ್ಕೆ ಹೊಸ ರಕ್ತನಾಳ, ಹೊಸ ಜೀವಕೋಶ ತುಂಬಿಕೊಂಡು ಲಿಗಮೆಂಟಿನಂತಾಗಲು ವರ್ಷವೇ ಬೇಕು. ಅಷ್ಟರಲ್ಲಿ ತೊಡೆಯ ಮುಂಭಾಗದ ಸ್ನಾಯು ಕರಗಿರುತ್ತದೆ. ವ್ಯಾಯಾಮವಿಲ್ಲದ ಶಸ್ತ್ರಚಿಕಿತ್ಸೆ ಎಂದರೆ ಖರ್ಚೂ ಆಯಿತು, ಬಿಗಿದ ದುರ್ಬಲ ಮಂಡಿಯೂ ಉಳಿಯಿತು. ವ್ಯಾಯಾಮ ಎರಡೂ ದಾರಿಗೆ ಬೇಕಾದದ್ದು, ಆದ್ದರಿಂದ ಅದು ಸಿಗಬೇಕಾದ ಜಾಗ ನಾಗಪುರವಲ್ಲ, ತಾಲ್ಲೂಕು ಆಸ್ಪತ್ರೆ.

ಮೈದಾನಕ್ಕೆ ಮರಳುವ ಅವಸರದ ಬಗ್ಗೆಯೂ ಅಂಕಿಗಳಿವೆ. ನಾರ್ವೆ ಮತ್ತು ಅಮೆರಿಕದ ತಂಡವೊಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನೂರಕ್ಕೂ ಹೆಚ್ಚು ಜನರನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ವರದಿ ಮಾಡಿತು: ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಗಾಯವಾಗುವ ದರ ಸುಮಾರು ಅರ್ಧಕ್ಕೆ ಇಳಿಯುತ್ತ ಹೋಗಿತ್ತು. ತೊಡೆಯ ಮುಂಭಾಗದ ಬಲ ಎರಡೂ ಕಾಲಿನಲ್ಲಿ ಸಮನಾದವರು ಇನ್ನೂ ಸುರಕ್ಷಿತರಾಗಿದ್ದರು. ಕ್ಯಾಲೆಂಡರ್ ಒಂದನ್ನೇ ನೋಡಿ ಅನುಮತಿ ಕೊಡುವ ಪದ್ಧತಿ ಹೀಗಾಗಿ ಸಾಲದು. ಗಾಯದ ಕಾಲಿನಲ್ಲಿ ಕುಂಟಾಟ ಹಾರಿದ ದೂರ ಇನ್ನೊಂದು ಕಾಲಿನ ಹಾರಿಕೆಯ 90 ಪ್ರತಿಶತವನ್ನಾದರೂ ಮುಟ್ಟಬೇಕು ಎಂದು ಕೇಳುವ ಪರೀಕ್ಷೆಗೆ ಯಂತ್ರ ಬೇಡ. ಅಳತೆಪಟ್ಟಿ, ಸಮತಟ್ಟಾದ ನೆಲ ಮತ್ತು ಕಬಡ್ಡಿ ತರಬೇತುದಾರನ ಹತ್ತು ನಿಮಿಷದ ತಾಳ್ಮೆ ಸಾಕು.