ಗಡಿತಾಲೂಕುಗಳ ದಾದಿಯರು ಮತ್ತು ವೇತನಶ್ರೇಣಿಯ ಅಭ್ಯಾಸ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಶುಶ್ರೂಷೆಯ ಶಿಕ್ಷಣವನ್ನು ಮುಗಿಸಿದವರಿಗೆ ಉದ್ಯೋಗದ ದಾರಿಗಳು ಮುಖ್ಯವಾಗಿ ಎರಡು. ಒಂದು ಬೆಳಗಾವಿಯ ಮೇಲಿಂದ ಬೆಂಗಳೂರಿಗೆ ಹೋಗುವುದು; ಇನ್ನೊಂದು ಕಾಗವಾಡದ ಆಚೆಗೆ ಅನತಿದೂರದಲ್ಲಿರುವ ಮಿರಜಕ್ಕೆ. ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದಂದಿನಿಂದ ಆ ಊರು ಈ ಭಾಗದ ರೋಗಿಗಳಿಗೂ ದಾದಿಯರಿಗೂ ಪರಿಚಿತವಾದುದು. ಹೊರಡುವ ಮುನ್ನ ಮನೆಯ ಹಿರಿಯರು ಕೇಳುವ ಮಾತು ಒಂದೇ: ಪಗಾರ ಎಷ್ಟು? ಆದರೆ ವೇತನಶ್ರೇಣಿಯೂ ಒಂದು ಐತಿಹಾಸಿಕ ದಾಖಲೆಯೇ. ಅದು ಯಾವ ಆಡಳಿತದ್ದು, ಯಾವ ಕಾಲದ್ದು ಎಂಬುದನ್ನು ಅರಿಯದೆ ಅದರಲ್ಲಿಯ ಅಂಕಿಗಳನ್ನು ಹೋಲಿಸುವುದು ಸಲ್ಲದೆಂದು ನಾವು ಭಾವಿಸುತ್ತೇವೆ.

ಊರನ್ನು ಬಿಡದೆಯೇ ಶ್ರೇಣಿ ಬದಲಾದ ಪ್ರಸಂಗವನ್ನು ಈ ಸೀಮೆ ಕಂಡಿದೆ. ಕೊಲ್ಹಾಪುರ ಸಂಸ್ಥಾನದಲ್ಲಿದ್ದ ರಾಯಬಾಗವು 1949ರಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ಅದೂ ಚಿಕ್ಕೋಡಿ, ಅಥಣಿಗಳೂ ಬೆಳಗಾವಿ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದವು. (ನಿಪ್ಪಾಣಿಯೂ ಕಾಗವಾಡವೂ ಆಗ ಪ್ರತ್ಯೇಕ ತಾಲೂಕುಗಳಾಗಿರಲಿಲ್ಲ.) ಹಿಂದಿನ ದಿನದ ವರೆಗೆ ಮುಂಬಯಿ ಸರಕಾರದ ಶ್ರೇಣಿಯಲ್ಲಿದ್ದ ದಾದಿಯು ಅದೇ ದವಾಖಾನೆಯಲ್ಲಿ ಅದೇ ಕೆಲಸವನ್ನು ಮಾಡುತ್ತ ಬೇರೊಂದು ಸರಕಾರದ ನೌಕರಳಾದಳು. ರಾಜ್ಯ ಪುನರ್ವಿಂಗಡಣೆಯ ಕಾಯಿದೆಯ 115ನೆಯ ಕಲಮಿನ ಪ್ರಕಾರ, ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ಇಂಥವರ ಸೇವಾನಿಯಮಗಳನ್ನು ಅವರಿಗೆ ಹಾನಿಯಾಗುವಂತೆ ಬದಲಿಸುವಂತಿರಲಿಲ್ಲ. ಐದು ಆಡಳಿತಗಳಿಂದ ಬಂದ ಹುದ್ದೆಗಳನ್ನು ಸರಿದೂಗಿಸಲು ಆಗ ನಾಲ್ಕು ಅಂಶಗಳನ್ನು ನೋಡಬೇಕಾಯಿತು: ಕೆಲಸದ ಸ್ವರೂಪ, ಹೊಣೆ ಮತ್ತು ಅಧಿಕಾರ, ಕನಿಷ್ಠ ವಿದ್ಯಾರ್ಹತೆ, ಕೊನೆಯದಾಗಿ ಸಂಬಳ. ಸಂಬಳಕ್ಕೆ ಕಡೆಯ ಸ್ಥಾನ ದೊರೆತುದು ಗಮನಾರ್ಹ.

ಇಂದಿನ ಶ್ರೇಣಿಗಳನ್ನು ನೋಡೋಣ. 2016ರ ಜನವರಿ 1ರಿಂದ ಅನ್ವಯಿಸಿದ ಏಳನೆಯ ವೇತನ ಆಯೋಗದ ಕೋಷ್ಟಕದಲ್ಲಿ ಕೇಂದ್ರ ಸರಕಾರವು ನರ್ಸಿಂಗ್ ಆಫೀಸರ್ ಹುದ್ದೆಗೆ 44,900 ರೂಪಾಯಿಗಳ ಆರಂಭವೇತನವನ್ನು ಕೊಟ್ಟಿತು. ಮಹಾರಾಷ್ಟ್ರವು ಅದೇ ದಿನಾಂಕದಿಂದ ಅನ್ವಯಿಸಿದ ತನ್ನ ಶ್ರೇಣಿಗಳಲ್ಲಿ ಅಧಿಪರಿಚಾರಿಕೆಗೆ 35,400 ರೂಪಾಯಿಗಳನ್ನು ಕೊಟ್ಟಿತು. ಕೆಲಸ ಹೆಚ್ಚುಕಡಿಮೆ ಒಂದೇ, ಕಾಲವೂ ಒಂದೇ. ಆದುದರಿಂದ ಈ ಅಂತರ ನಿಜವಾದುದು.

ಕಾಲ ಬೇರೆಯಾದರೆ ಅಂತರವು ಕಣ್ಣಿಗೆ ಮೋಸ ಮಾಡುತ್ತದೆ. ಕೇಂದ್ರದ 2016ರ ಶ್ರೇಣಿಯಲ್ಲಿ ಅತಿ ಕಡಿಮೆ ಮೂಲವೇತನ 18,000. ಕರ್ನಾಟಕವು 2024ರ ಆಗಸ್ಟ್ 1ರಿಂದ ಜಾರಿಗೆ ತಂದುದರಲ್ಲಿ ಅದು 27,000. (ಇವು ದಾದಿಯರ ವೇತನಗಳಲ್ಲ, ಶ್ರೇಣಿಗಳ ತಳಮೆಟ್ಟಿಲುಗಳು.) ಕರ್ನಾಟಕವೇ ಉದಾರವೆಂದು ಒಡನೆ ತೋರೀತು. ಆದರೆ 2024ರ ಜನವರಿಯಿಂದ ಕೇಂದ್ರದ ತುಟ್ಟಿಭತ್ಯೆ ಶೇಕಡಾ 50 ಆಗಿತ್ತು. 18,000ಕ್ಕೆ 9,000 ಕೂಡಿಸಿದರೆ ಬರುವುದು 27,000ವೇ. ಕರ್ನಾಟಕವು 17,000 ರೂಪಾಯಿಗಳ ಹಳೆಯ ಮೂಲವೇತನದಲ್ಲಿ ಶೇಕಡಾ 31ರ ತುಟ್ಟಿಭತ್ಯೆಯನ್ನು ವಿಲೀನಗೊಳಿಸಿ, ಅದರ ಮೇಲೆ ಶೇಕಡಾ 27.5ರ ಹೆಚ್ಚಳವನ್ನಿತ್ತು ಹೊಸ ಅಂಕಿಯನ್ನು ಗೊತ್ತುಪಡಿಸಿತ್ತು. ಮುಂದಿನ ತುಟ್ಟಿಭತ್ಯೆಯನ್ನು ಅಲ್ಲಿಂದ ಹೊಸದಾಗಿ ಎಣಿಸಬೇಕು. ಆದ್ದರಿಂದ ಮೂಲವೇತನದೊಡನೆ ಶ್ರೇಣಿಯ ದಿನಾಂಕವನ್ನೂ ಆ ಹೊತ್ತಿನ ತುಟ್ಟಿಭತ್ಯೆಯನ್ನೂ ಕೇಳಿಕೊಳ್ಳುವುದು ಅವಶ್ಯ. ಗುತ್ತಿಗೆಯ ನೇಮಕವಾದರೆ ಇದೆಲ್ಲವೂ ವ್ಯರ್ಥ. ಅಲ್ಲಿರುವುದು ಸಾಮಾನ್ಯವಾಗಿ ಗೊತ್ತುಪಡಿಸಿದ ಮೊತ್ತ, ಶ್ರೇಣಿಯಲ್ಲ.

ಖಾಸಗಿ ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಬೇಕಾದುದು ಹಾಸಿಗೆಗಳ ಸಂಖ್ಯೆಯನ್ನು. ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದಂತೆ ನೇಮಕವಾದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ಆಯಾ ರಾಜ್ಯದ ಸರಕಾರೀ ದಾದಿಯರಿಗೆ ಸಮನಾದ ವೇತನವಿರಬೇಕೆಂದಿತು. 100ಕ್ಕಿಂತ ಹೆಚ್ಚಿದ್ದಲ್ಲಿ ಅದು ಶೇಕಡಾ 10ಕ್ಕಿಂತ, 50ರಿಂದ 100ರ ವರೆಗೆ ಶೇಕಡಾ 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ರೊಳಗಿನ ಆಸ್ಪತ್ರೆಗಳಲ್ಲಿಯೂ ಕನಿಷ್ಠ 20,000 ರೂಪಾಯಿಗಳಿರಬೇಕು. ಇವು ಶಿಫಾರಸುಗಳು, ಜಾರಿಯ ಹೊಣೆ ರಾಜ್ಯಗಳದು. ಅಲ್ಲದೆ ಅಳತೆಗೋಲು ಆಯಾ ರಾಜ್ಯದ್ದಾದುದರಿಂದ ಕಾಗವಾಡಕ್ಕೂ ಮಿರಜಕ್ಕೂ ನಡುವೆ 1956ರ ಗೆರೆಯು ಮತ್ತೆ ಅಡ್ಡಬರುತ್ತದೆ. ಅದನ್ನು ದಾಟಿ ಕೆಲಸಕ್ಕೆ ಸೇರುವವರು ಕರ್ನಾಟಕದ ನೋಂದಣಿಯೊಡನೆ ಮಹಾರಾಷ್ಟ್ರ ನರ್ಸಿಂಗ್ ಪರಿಷತ್ತಿನಲ್ಲಿಯೂ ಹೆಸರು ದಾಖಲಿಸಿಕೊಳ್ಳಬೇಕಾಗುತ್ತದೆ; ಅದರ ಶುಲ್ಕವನ್ನೂ ಅವಧಿಯನ್ನೂ ಮೊದಲ ತಿಂಗಳ ಲೆಕ್ಕದಲ್ಲಿ ಹಿಡಿಯಬೇಕು.