ನಗರಾಡಳಿತ ಮತ್ತು ಜನಾಂಗೀಯ ಸಮನ್ಯಾಯ: ಸಿಯಾಟಲ್ ನಗರದ ಪ್ರಯತ್ನದ ಒಂದು ಪರಿಶೀಲನೆ

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವು ಆದಿಸಭೆಯ ಒಂದು ಆಡಳಿತ ದೋಷವನ್ನು ಮುಚ್ಚಿಡದೆ ದಾಖಲಿಸಿದೆ. ಯೆರೂಸಲೇಮಿನಲ್ಲಿ ದಿನದಿನವೂ ನಡೆಯುತ್ತಿದ್ದ ಸಹಾಯ ವಿತರಣೆಯಲ್ಲಿ ಗ್ರೀಕ್ ಭಾಷೆಯನ್ನಾಡುವವರ ವಿಧವೆಯರು ಕಡೆಗಣಿಸಲ್ಪಟ್ಟಿದ್ದರು. ಯಾರೋ ದ್ವೇಷದಿಂದ ಹಾಗೆ ಮಾಡಿದರೆಂದು ಲೂಕನು ಬರೆಯುವುದಿಲ್ಲ. ವಿತರಣೆಯ ವ್ಯವಸ್ಥೆ ಎಲ್ಲರಿಗೂ ಒಂದೇ ಆಗಿತ್ತು. ಅದರ ಫಲ ಮಾತ್ರ ಒಂದು ಗುಂಪಿಗೆ ತಲುಪುತ್ತಿರಲಿಲ್ಲ. ಇಂದಿನ ಕೆಲವು ನಗರಾಡಳಿತಗಳು ‘ಜನಾಂಗೀಯ ಸಮನ್ಯಾಯ’ ಎಂಬ ಹೆಸರಿನಲ್ಲಿ ಎದುರಿಸುತ್ತಿರುವ ಪ್ರಶ್ನೆಯೂ ಇದೇ. ನಿಯಮವು ಎಲ್ಲರಿಗೂ ಸಮಾನವಾಗಿದೆಯೇ ಎಂದು ಕೇಳಿದರೆ ಸಾಲದು. ಆ ನಿಯಮದ ಹೊರೆಯನ್ನು ಯಾರು ಹೊರುತ್ತಾರೆ, ಫಲವನ್ನು ಯಾರು ಉಣ್ಣುತ್ತಾರೆ ಎಂಬುದನ್ನು ಎಣಿಸಿ ನೋಡಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರವು ಈ ಕಾರ್ಯವನ್ನು ಮೊದಲು ಕೈಗೊಂಡ ನಗರಗಳಲ್ಲಿ ಒಂದು. ಅದರ ಕ್ರಮವನ್ನೂ ಮಿತಿಯನ್ನೂ ವಿವರಿಸಿ, ಸಭೆಗೆ ಅದರಿಂದ ಏಳುವ ಪ್ರಶ್ನೆಗಳನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸಿಯಾಟಲ್‌ನ ಅನೇಕ ಬಡಾವಣೆಗಳ ಕ್ರಯಪತ್ರಗಳಲ್ಲಿಯೇ ಜನಾಂಗದ ಷರತ್ತು ಇರುತ್ತಿತ್ತು. ಬಿಳಿಯರಲ್ಲದವರಿಗೆ ಮನೆಯನ್ನು ಮಾರಬಾರದು, ಬಾಡಿಗೆಗೆ ಕೊಡಬಾರದು. ಮನೆಗೆಲಸದವರಾಗಿ ಮಾತ್ರ ಅವರು ಅಲ್ಲಿ ವಾಸಿಸಬಹುದು ಎಂಬುದು ಇಂಥ ಷರತ್ತುಗಳ ಸಾಮಾನ್ಯ ಸ್ವರೂಪ. ಇಂಥವುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ತೀರ್ಪಿತ್ತರೂ ರೂಢಿ ಮುಂದುವರಿಯಿತು. ಹೀಗಾಗಿ ಕರಿಯ ಜನರು ಬಹುಮಟ್ಟಿಗೆ ‘ಸೆಂಟ್ರಲ್ ಏರಿಯಾ’ ಎಂಬ ಒಂದೇ ಭಾಗದಲ್ಲಿ ನೆಲೆಸಬೇಕಾಯಿತು. ವಸತಿಯಲ್ಲಿ ಭೇದವನ್ನು ನಿಷೇಧಿಸುವ ಪ್ರಸ್ತಾಪವು 1964ರಲ್ಲಿ ಮತದಾರರ ಮುಂದೆ ಬಂದಾಗ, ಎರಡಕ್ಕೆ ಒಂದಕ್ಕಿಂತಲೂ ಹೆಚ್ಚಿನ ಅಂತರದಲ್ಲಿ ಬಿದ್ದುಹೋಯಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಕೆಲವೇ ದಿನಗಳಲ್ಲಿ, 1968ರ ಏಪ್ರಿಲ್ 19ರಂದು, ನಗರ ಪರಿಷತ್ತು ಅದನ್ನು ಅಂಗೀಕರಿಸಿತು.

ಈ ಚರಿತ್ರೆಯಲ್ಲಿ ಸಭೆ ಎರಡೂ ಬದಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೌಂಟ್ ಜಯಾನ್ ಬ್ಯಾಪ್ಟಿಸ್ಟ್ ಸಭೆಯ ಪಾಲಕರಾಗಿದ್ದ ರೆವರೆಂಡ್ ಸ್ಯಾಮ್ಯುಯೆಲ್ ಮೆಕಿನಿಯವರು ತಮ್ಮ ಕಾಲೇಜಿನ ಸಹಪಾಠಿಯಾದ ಕಿಂಗ್ ಅವರನ್ನು 1961ರ ನವೆಂಬರಿನಲ್ಲಿ ನಗರಕ್ಕೆ ಕರೆತಂದರು. ಅವರ ಉಪನ್ಯಾಸಕ್ಕೆ ಗೊತ್ತುಮಾಡಿದ್ದ ದೊಡ್ಡ ದೇವಾಲಯವೊಂದು ಕೊನೆಗೆ ಸ್ಥಳವನ್ನು ನಿರಾಕರಿಸಿತು. ಕಾರ್ಯಕ್ರಮವು ಬೇರೊಂದು ಸಭಾಂಗಣದಲ್ಲಿ ನಡೆಯಿತು.

ಯೋಜನೆಯ ಸ್ವರೂಪ

ಕಾನೂನಿನಿಂದ ಭೇದವು ಅಳಿದ ಮೇಲೆಯೂ ಅದರ ಪರಿಣಾಮ ಅಳಿಯದಿರುವುದನ್ನು ಕಂಡು, ಮೇಯರ್ ಗ್ರೆಗ್ ನಿಕಲ್ಸ್ ಅವರ ಆಡಳಿತವು 2004ರಲ್ಲಿ ‘ಜನಾಂಗ ಮತ್ತು ಸಾಮಾಜಿಕ ನ್ಯಾಯ’ ಉಪಕ್ರಮವನ್ನು ಆರಂಭಿಸಿತು. 2009ರಲ್ಲಿ ನಗರ ಪರಿಷತ್ತು ನಿರ್ಣಯದ ಮೂಲಕ ಅದನ್ನು ಬೆಂಬಲಿಸಿತು. 2023ರಲ್ಲಿ ಅದು ನಗರದ ಶಾಸನದಲ್ಲಿಯೇ ಸೇರಿತು. ಇದರ ವಿಶೇಷವೆಂದರೆ, ಆಡಳಿತವು ಮೊದಲು ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡದ್ದು. ವ್ಯಕ್ತಿಗಳ ಮನಸ್ಸಿನಲ್ಲಿರುವ ಪೂರ್ವಗ್ರಹಕ್ಕಿಂತ ಮುಖ್ಯವಾಗಿ, ಸಂಸ್ಥೆಯ ದಿನನಿತ್ಯದ ನಡಾವಳಿಯಲ್ಲಿ ಅಡಗಿರುವ ಭೇದವನ್ನು ಹುಡುಕುವುದು ಅದರ ಗುರಿ. ಪ್ರತಿ ಇಲಾಖೆಯೂ ವಾರ್ಷಿಕ ಕಾರ್ಯಯೋಜನೆಯನ್ನು ರೂಪಿಸಬೇಕು; ಇಲಾಖೆಯೊಳಗೆ ಸಿಬ್ಬಂದಿಯ ‘ಬದಲಾವಣಾ ತಂಡ’ವೊಂದು ಕಾರ್ಯ ನಿರ್ವಹಿಸುತ್ತದೆ; ನಗರದ ನಾಗರಿಕ ಹಕ್ಕುಗಳ ಕಚೇರಿ ಇವೆಲ್ಲವನ್ನು ಸಮನ್ವಯಗೊಳಿಸುತ್ತದೆ.

ಹೊಸ ನೀತಿ, ಕಾರ್ಯಕ್ರಮ ಅಥವಾ ಆಯವ್ಯಯ ಪ್ರಸ್ತಾಪವನ್ನು ಪರಿಶೀಲಿಸಲು ಆರು ಹಂತಗಳ ಕೈಪಿಡಿಯೊಂದಿದೆ. ಮೊದಲನೆಯದಾಗಿ, ಸಮನ್ಯಾಯದ ದೃಷ್ಟಿಯಿಂದ ಯಾವ ಫಲವನ್ನು ಬಯಸುತ್ತೇವೆಂದು ಸ್ಪಷ್ಟಪಡಿಸಬೇಕು. ಎರಡನೆಯದಾಗಿ, ಬಾಧಿತರಾಗುವ ಜನರನ್ನು ಒಳಗೊಂಡು ಅಂಕಿಅಂಶಗಳನ್ನು ವಿಶ್ಲೇಷಿಸಬೇಕು. ಮೂರನೆಯದಾಗಿ, ಲಾಭ ಯಾರಿಗೆ, ಹೊರೆ ಯಾರಿಗೆ ಎಂದು ನಿರ್ಧರಿಸಬೇಕು. ನಾಲ್ಕನೆಯದಾಗಿ, ಅವಕಾಶವನ್ನು ಹೆಚ್ಚಿಸುವ ಅಥವಾ ಹಾನಿಯನ್ನು ತಗ್ಗಿಸುವ ಮಾರ್ಗವನ್ನು ಆರಿಸಬೇಕು. ಐದನೆಯದು ಮೌಲ್ಯಮಾಪನ ಮತ್ತು ಉತ್ತರದಾಯಿತ್ವ. ಆರನೆಯದು ಕಂಡದ್ದನ್ನು ವರದಿ ಮಾಡುವುದು.

ಇದರ ಅರ್ಥವು ಬೀದಿದೀಪಗಳ ಉದಾಹರಣೆಯಿಂದ ತಿಳಿಯಾಗುತ್ತದೆ. ಹಿಂದೆ ಸಿಯಾಟಲ್‌ನಲ್ಲಿ ದೀಪ ಕೆಟ್ಟಿದೆಯೆಂದು ಯಾರಾದರೂ ದೂರು ಕೊಟ್ಟಾಗ ಅದನ್ನು ಬದಲಾಯಿಸಲಾಗುತ್ತಿತ್ತು. ಈ ನಿಯಮದಲ್ಲಿ ಜನಾಂಗದ ಹೆಸರೇ ಇರಲಿಲ್ಲ. ಆದರೆ ಬಡವರು, ವಲಸೆ ಬಂದವರು ಹೆಚ್ಚಾಗಿ ವಾಸಿಸುವ ಬೀದಿಗಳಿಂದ ದೂರುಗಳು ಕಡಿಮೆ ಬರುತ್ತಿದ್ದವು. ಆದುದರಿಂದ ಆ ಬೀದಿಗಳೇ ಹೆಚ್ಚು ಕತ್ತಲಲ್ಲಿ ಉಳಿಯುತ್ತಿದ್ದವು. ದೂರಿಗಾಗಿ ಕಾಯದೆ, ದೀಪದ ಬಾಳಿಕೆಯ ಅವಧಿಯನ್ನು ಲೆಕ್ಕಹಾಕಿ ಪ್ರದೇಶವಾರು ಬದಲಾಯಿಸುವ ಕ್ರಮವನ್ನು ನಗರವು ಅನುಸರಿಸಿತು. ಯಾರಿಗೂ ವಿಶೇಷ ಸವಲತ್ತನ್ನು ಕೊಡದೆ ಅಂತರವನ್ನು ಕಡಿಮೆ ಮಾಡಲು ಇದರಿಂದ ಸಾಧ್ಯವಾಯಿತು.

ಅಳೆಯುವ ಬಗೆ

ಅಳತೆಯಲ್ಲಿ ಎರಡು ಸ್ತರಗಳನ್ನು ಪ್ರತ್ಯೇಕವಾಗಿ ಗ್ರಹಿಸಬೇಕು. ಆಡಳಿತ ಎಷ್ಟು ಮಾಡಿತು, ಎಷ್ಟು ಚೆನ್ನಾಗಿ ಮಾಡಿತು ಎಂಬುದು ಒಂದು. ಅದರಿಂದ ಜನರ ಬಾಳು ಉತ್ತಮವಾಯಿತೇ ಎಂಬುದು ಮತ್ತೊಂದು. ಎಷ್ಟು ನೌಕರರು ತರಬೇತಿ ಪಡೆದರೆಂಬ ಲೆಕ್ಕ ಮೊದಲನೆಯದಕ್ಕೆ ಸೇರಿದ್ದು. ಒಂದು ಬಡಾವಣೆಯ ಬಾಡಿಗೆದಾರರು ಅಲ್ಲಿಯೇ ಉಳಿದರೇ ಎಂಬುದು ಎರಡನೆಯದಕ್ಕೆ. ಮೊದಲನೆಯದನ್ನು ಎಣಿಸುವುದು ಸುಲಭ. ಅದರಲ್ಲಿಯೇ ತೃಪ್ತರಾಗುವ ಅಪಾಯ ಎಲ್ಲ ಸಂಸ್ಥೆಗಳಿಗೂ ಇದೆ.

ಎರಡನೆಯದಕ್ಕಾಗಿ ನಗರವು ನಕ್ಷೆಗಳನ್ನು ಬಳಸುತ್ತದೆ. ಜನಾಂಗ, ಭಾಷೆ ಮತ್ತು ಮೂಲ, ಆರ್ಥಿಕ ಸ್ಥಿತಿ, ಆರೋಗ್ಯ ಎಂಬ ಮೂರು ಅಂಶಗಳನ್ನು ಕೂಡಿಸಿ, ಜನಗಣತಿಯ ಸಣ್ಣ ಸಣ್ಣ ವಿಭಾಗಗಳಿಗೆ ಒಂದು ಸೂಚ್ಯಂಕವನ್ನು ಸಿದ್ಧಪಡಿಸಲಾಗಿದೆ. 2016ರ ಸಮಗ್ರ ನಗರ ಯೋಜನೆಯ ಸಂದರ್ಭದಲ್ಲಿ ಇನ್ನೆರಡು ಸೂಚ್ಯಂಕಗಳು ರಚಿತವಾದವು: ನಿವಾಸಿಗಳು ಸ್ಥಳಾಂತರಗೊಳ್ಳುವ ಅಪಾಯ ಎಲ್ಲಿ ಹೆಚ್ಚು, ಶಾಲೆ, ಉದ್ಯೋಗ, ಸಾರಿಗೆ ಮುಂತಾದ ಅವಕಾಶಗಳು ಎಲ್ಲಿ ಹೆಚ್ಚು ಎಂಬುದನ್ನು ಅವು ತೋರಿಸುತ್ತವೆ. ಬೆಳವಣಿಗೆಯನ್ನು ಎಲ್ಲಿಗೆ ನಿರ್ದೇಶಿಸಬೇಕು, ಎಲ್ಲಿ ಜನರನ್ನು ಮೊದಲು ರಕ್ಷಿಸಬೇಕು ಎಂಬ ತೀರ್ಮಾನಕ್ಕೆ ಇವು ಆಧಾರ.

ಮಿತಿಗಳು

ಕಾನೂನಿನ ಮಿತಿ ಮೊದಲನೆಯದು. ಸಾರ್ವಜನಿಕ ಉದ್ಯೋಗ, ಶಿಕ್ಷಣ, ಗುತ್ತಿಗೆಗಳಲ್ಲಿ ಜನಾಂಗದ ಆಧಾರದ ಮೇಲೆ ಆದ್ಯತೆ ಕೊಡಕೂಡದೆಂದು ವಾಷಿಂಗ್ಟನ್ ರಾಜ್ಯದ ಮತದಾರರು 1998ರಲ್ಲಿ ತೀರ್ಮಾನಿಸಿದ್ದಾರೆ. ಆದುದರಿಂದ 2015ರಲ್ಲಿ ನಗರವು ತನ್ನ ದೊಡ್ಡ ನಿರ್ಮಾಣ ಕಾಮಗಾರಿಗಳಲ್ಲಿ ಸ್ಥಳೀಯರಿಗೆ ಕೆಲಸ ಕೊಡಲು ಕಾನೂನು ಮಾಡಿದಾಗ, ಆರ್ಥಿಕವಾಗಿ ಹಿಂದುಳಿದ ಪಿನ್‌ಕೋಡ್ ಪ್ರದೇಶಗಳನ್ನು ಆಧಾರವಾಗಿಟ್ಟುಕೊಂಡಿತು.

ಇದಕ್ಕಿಂತ ಗಂಭೀರವಾದುದು ಫಲದ ಮಿತಿ. 1970ರ ಸುಮಾರಿಗೆ ಸೆಂಟ್ರಲ್ ಏರಿಯಾದ ನಿವಾಸಿಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಕರಿಯರಿದ್ದರು. 2010ರ ದಶಕದಲ್ಲಿ ಅವರ ಪ್ರಮಾಣ ನೂರಕ್ಕೆ 20ಕ್ಕಿಂತ ಕೆಳಗಿಳಿಯಿತು. ಒಂದು ಕಾಲದಲ್ಲಿ ಅಲ್ಲಿಂದ ಹೊರಗೆ ಹೋಗಲು ಬಿಡದಿದ್ದ ನಗರದಲ್ಲಿ, ಈಗ ಅಲ್ಲಿ ಉಳಿಯಲು ಬಾಡಿಗೆ ಬಿಡಲಿಲ್ಲ. ಈ ಇಳಿತದ ಒಂದು ಭಾಗ ಉಪಕ್ರಮವು ಜಾರಿಯಲ್ಲಿದ್ದ ವರ್ಷಗಳಲ್ಲಿಯೇ ನಡೆಯಿತು. ಅಳತೆಯು ರೋಗವನ್ನು ತೋರಿಸಬಲ್ಲದು. ಹಣ, ಭೂಮಿ, ನಿರ್ಣಯಾಧಿಕಾರಗಳು ಕೈ ಬದಲಾಯಿಸದೆ ವಾಸಿಮಾಡಲಾರದು. ಮೆಕಿನಿಯವರೂ ಸೇರಿ 1968ರಲ್ಲಿ ಸ್ಥಾಪಿಸಿದ ಲಿಬರ್ಟಿ ಬ್ಯಾಂಕಿನ ಸ್ಥಳದಲ್ಲಿ, ಕರಿಯ ಸಮುದಾಯದ ಸಂಸ್ಥೆಗಳ ಸಹಭಾಗಿತ್ವದೊಡನೆ, 2019ರಲ್ಲಿ ಕೈಗೆಟಕುವ ಬಾಡಿಗೆಯ 115 ಮನೆಗಳು ಸಿದ್ಧವಾದುದು ಅಂಥ ಕೈಬದಲಾವಣೆಯ ಒಂದು ಸಣ್ಣ ಗುರುತು.

ಸಭೆಯ ಮುಂದಿರುವ ಪ್ರಶ್ನೆ

ಅಪೊಸ್ತಲರು ಗುಣುಗುಟ್ಟುವಿಕೆಯನ್ನು ಅವಿಧೇಯತೆಯೆಂದು ಗದರಿಸಲಿಲ್ಲ. ಮೇಲ್ವಿಚಾರಣೆಯನ್ನು ಬಿಗಿಮಾಡಿ ಸುಮ್ಮನಾಗಲೂ ಇಲ್ಲ. ಸ್ತೆಫನನಿಂದ ನಿಕೊಲಾಯನವರೆಗೆ ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಕಡೆಗಣಿಸಲ್ಪಟ್ಟವರ ಕಡೆಯವರ ಕೈಗೇ ವಿತರಣೆಯ ಅಧಿಕಾರವು ಒಪ್ಪಿಸಲ್ಪಟ್ಟಿತೆಂದು ಇದನ್ನು ಅರ್ಥಮಾಡಿಕೊಳ್ಳುವುದು ಸಮಂಜಸ. ಲೂಕ 18ರ ವಿಧವೆಯು ಬಿಡದೆ ಮೊರೆಯಿಟ್ಟು ನ್ಯಾಯವನ್ನು ಪಡೆದಳು. ಆದರೆ ಮೊರೆಯಿಡಲು ಬಾರದ ವಿಧವೆಯ ಬೀದಿಗೆ ದೀಪ ಹೇಗೆ ಬರಬೇಕೆಂಬುದು ಆಡಳಿತದ ಪ್ರಶ್ನೆ. ಎಣಿಕೆಯು ತಾನಾಗಿಯೇ ಪವಿತ್ರವಲ್ಲವೆಂಬುದಕ್ಕೆ ದಾವೀದನ ಜನಗಣತಿ ಸಾಕ್ಷಿ (2 ಸಮು. 24). ಬಲವನ್ನು ತಿಳಿಯಲು ಎಣಿಸುವುದು ಬೇರೆ, ಬಿಟ್ಟುಹೋದವರನ್ನು ಕಾಣಲು ಎಣಿಸುವುದು ಬೇರೆ. ನೂರರಲ್ಲಿ ಒಂದು ಕುರಿ ಕಾಣೆಯಾಗಿದೆಯೆಂದು ಕುರುಬನಿಗೆ ತಿಳಿದದ್ದು ಅವನು ಎಣಿಸಿದ್ದರಿಂದಲೇ.

ಈ ವಿಷಯ ನಮಗೆ ದೂರದ್ದಲ್ಲ. 2023ರ ಫೆಬ್ರವರಿ 21ರಂದು, ಭಾರತ ಮೂಲದ ಸದಸ್ಯೆ ಕ್ಷಮಾ ಸಾವಂತ್ ಮಂಡಿಸಿದ ಮಸೂದೆಯನ್ನು ಆರು ಮತಗಳಿಗೆ ಒಂದರಂತೆ ಅಂಗೀಕರಿಸಿ, ಜಾತಿಯ ಆಧಾರದ ಭೇದವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವಾದದ್ದು ಸಿಯಾಟಲ್. ನಮ್ಮ ನಾಡಿನಿಂದ ಹೊರಟವರ ಸಾಮಾನಿನಲ್ಲಿ ಜಾತಿಯೂ ಕಡಲು ದಾಟಿತ್ತೆಂಬುದು ಇದರ ಅರ್ಥ. ನಮ್ಮ ಸಭೆಗಳು ಸ್ನಾನ, ವಿವಾಹ, ಮರಣ, ಕಾಣಿಕೆಗಳ ದಾಖಲೆಗಳನ್ನು ಶ್ರದ್ಧೆಯಿಂದ ಇಡುತ್ತವೆ. ಆದರೆ ಸಭಾಸಮಿತಿಯಲ್ಲಿ ಯಾರು ಕೂಡುತ್ತಾರೆ, ಸಭಾಪಾಲಕನ ಭೇಟಿ ಯಾವ ಬೀದಿಯವರೆಗೆ ತಲುಪುತ್ತದೆ, ವಿದ್ಯಾರ್ಥಿವೇತನ ಯಾರ ಮಕ್ಕಳಿಗೆ ದೊರೆಯುತ್ತದೆ, ಯಾರನ್ನು ಎಲ್ಲಿ ಹೂಳಲಾಗುತ್ತದೆ ಎಂಬುದರ ದಾಖಲೆ ಎಲ್ಲಿದೆ? ಕ್ರಿಸ್ತನಲ್ಲಿ ಭೇದವಿಲ್ಲವೆಂಬ ಉಪದೇಶ ಸತ್ಯ. ಅದು ನಮ್ಮ ಸಭೆಯಲ್ಲಿ ಸತ್ಯವಾಗಿದೆಯೇ ಎಂದು ಲೆಕ್ಕ ತೆಗೆದು ನೋಡುವುದೂ, ಕಂಡ ಅಂತರವನ್ನು ಸಭೆಯ ಮುಂದೆ ಓದಿ ಹೇಳುವುದೂ ಪಾಲನಾಸೇವೆಯ ಭಾಗವೇ ಆಗಿದೆ.